ಐದು ಖಾನೆಯ ಪದಪೆಟ್ಟಿಗೆ: ಪೆಟ್ಟಿಗೆ ಕೊಳ್ಳಿ, ಅಚ್ಚಾದ ಕಾರ್ಡು ಬೇಡ

ಪ್ರಾಥಮಿಕ ತರಗತಿಯ ಮಕ್ಕಳಿಗೆ ಪದ ಕಲಿಸಲು ಸಿಗುವ ಸಾಮಗ್ರಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಬಣ್ಣದ ಚಿತ್ರಗಳಿರುವ ಅಚ್ಚಾದ ಕಾರ್ಡುಗಳ ಕಟ್ಟು. ಇನ್ನೊಂದು, ಐದು ಖಾನೆಗಳ ಪೆಟ್ಟಿಗೆ ಮತ್ತು ಅದರೊಳಗೆ ಖಾಲಿ ಕಾರ್ಡುಗಳು. ಕಣ್ಣಿಗೆ ಹಿಡಿಸುವುದು ಮೊದಲನೆಯದು. ವರ್ಷವಿಡೀ ಕೆಲಸಕ್ಕೆ ಒದಗುವುದು ಎರಡನೆಯದು. ಈ ಬರಹ ಆ ಪೆಟ್ಟಿಗೆಯ ವಿಮರ್ಶೆ. ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ: ಮೂರನೇ ತರಗತಿ ಮತ್ತು ಮೇಲಿನ ಮಕ್ಕಳಿಗೆ ಇಷ್ಟು ಉಪಯೋಗಕ್ಕೆ ಬರುವ ಸಾಧನಗಳು ಕಡಿಮೆ. ಆದರೆ ವಯಸ್ಕರಿಗೆಂದು ಮಾಡಿದ ಅದರ ಮೂಲ ನಿಯಮಗಳನ್ನು ಹಾಗೆಯೇ ಮಕ್ಕಳ ಮೇಲೆ ಹೇರಿದರೆ ಅರ್ಧ ಲಾಭವೂ ಸಿಗುವುದಿಲ್ಲ. ಪೆಟ್ಟಿಗೆ ಪದವನ್ನು ನೆನಪಿನಲ್ಲಿ ಉಳಿಸುತ್ತದೆ, ಪದವನ್ನು ಕಲಿಸುವುದಿಲ್ಲ. ಕಲಿಸುವ ಕೆಲಸ ಕಾರ್ಡು ಬರೆಯುವ ಮುಂಚೆಯೇ ಮಾತಿನಲ್ಲಿ ಮುಗಿದಿರಬೇಕು.

ಈ ಪೆಟ್ಟಿಗೆಯನ್ನು ಜನಪ್ರಿಯಗೊಳಿಸಿದವರು ಜರ್ಮನಿಯ ವಿಜ್ಞಾನ ಬರಹಗಾರ ಸೆಬಾಸ್ಟಿಯನ್ ಲೈಟ್ನರ್, 1972ರಲ್ಲಿ. ಅವರು ಹೇಳಿದ ಪೆಟ್ಟಿಗೆಯಲ್ಲಿ ಖಾನೆಗಳು ಒಂದೇ ಅಳತೆಯವಲ್ಲ: 1, 2, 5, 8 ಮತ್ತು 14 ಸೆಂಟಿಮೀಟರ್, ಒಟ್ಟು 30. ಹೊಸ ಕಾರ್ಡು ಮೊದಲ ಖಾನೆಗೆ ಬೀಳುತ್ತದೆ. ಉತ್ತರ ಸರಿಯಾದರೆ ಮುಂದಿನ ಖಾನೆಗೆ, ತಪ್ಪಾದರೆ ಎಲ್ಲಿಂದಲಾದರೂ ಮತ್ತೆ ಮೊದಲನೆಯದಕ್ಕೆ. ಒಂದು ಖಾನೆ ತುಂಬಿದಾಗ ಅದನ್ನು ಪರಿಶೀಲಿಸಬೇಕು. ಮುಂದುಮುಂದಿನ ಖಾನೆಗಳು ಅಗಲವಾಗಿರುವುದರಿಂದ ತುಂಬಲು ಹೆಚ್ಚು ದಿನ ಹಿಡಿಯುತ್ತದೆ, ಹೀಗಾಗಿ ಪುನರಾವರ್ತನೆಯ ಅಂತರ ತಾನಾಗಿಯೇ ಹಿಗ್ಗುತ್ತದೆ. ಲೆಕ್ಕದ ಪಟ್ಟಿಯಿಲ್ಲ, ದಿನಾಂಕವಿಲ್ಲ. ಪೆಟ್ಟಿಗೆಯ ಅಳತೆಯೇ ವೇಳಾಪಟ್ಟಿ. ಇದು ನಿಜಕ್ಕೂ ಸೊಗಸಾದ ವಿನ್ಯಾಸ.

ಇದರ ಹಿಂದಿರುವ ತಿಳಿವಳಿಕೆ ಇನ್ನೂ ಹಳೆಯದು. ಕಲಿತದ್ದು ಮೊದಲ ಗಂಟೆ, ಮೊದಲ ದಿನಗಳಲ್ಲೇ ಬಹುಪಾಲು ಮರೆತುಹೋಗುತ್ತದೆ, ಆಮೇಲೆ ಮರೆವಿನ ವೇಗ ತಗ್ಗುತ್ತದೆ ಎಂದು ಜರ್ಮನ್ ಮನೋವಿಜ್ಞಾನಿ ಹೆರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದರು. ಓದಿದ್ದನ್ನು ಮತ್ತೆ ಮತ್ತೆ ಓದುವುದಕ್ಕಿಂತ ನೋಡದೆ ನೆನಪಿಸಿಕೊಳ್ಳುವುದು ವಾರದ ನಂತರ ಹೆಚ್ಚು ಉಳಿಯುತ್ತದೆ ಎಂಬುದು ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕಿ ಅವರ 2006ರ ಪ್ರಯೋಗದಲ್ಲಿ ಕಂಡಿತು. ಅದೇ ಪ್ರಯೋಗದಲ್ಲಿ, ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮಾತ್ರ ಮತ್ತೆ ಓದಿದವರೇ ಮುಂದಿದ್ದರು. ತರಗತಿಯಲ್ಲಿ ಆಗುವ ಮೋಸವೂ ಇದೇ. ಪಟ್ಟಿಯನ್ನು ಹತ್ತು ಸಲ ಓದಿಸಿ ಕೂಡಲೇ ಕೇಳಿದರೆ ಎಲ್ಲರೂ ಹೇಳುತ್ತಾರೆ, ಮುಂದಿನ ವಾರ ಯಾರ ಬಾಯಲ್ಲೂ ಬರುವುದಿಲ್ಲ.

ಇನ್ನು ಪೆಟ್ಟಿಗೆಯ ಮೈಕಟ್ಟಿಗೆ ಬರೋಣ. ಕಾರ್ಡಿನ ಅಳತೆ ಎ7, ಅಂದರೆ 105 × 74 ಮಿಲಿಮೀಟರ್ ಇರಲಿ. ಒಂದು ಎ4 ಹಾಳೆಯಿಂದ ಸರಿಯಾಗಿ ಎಂಟು ಬರುತ್ತವೆ. ಅದರ ಅರ್ಧದಷ್ಟಿರುವ ಎ8 ಕಾರ್ಡು ದೊಡ್ಡವರಿಗೆ ಸಾಕು, ಎಂಟು ವರ್ಷದ ಮಗುವಿನ ಅಕ್ಷರಕ್ಕೆ ಸಾಲದು. ಒತ್ತಕ್ಷರಗಳು ಒಂದರ ಮೇಲೊಂದು ಕೂರುತ್ತವೆ. ಕಾಗದದ ತೂಕ ಚದರ ಮೀಟರಿಗೆ 200ರಿಂದ 250 ಗ್ರಾಂ, ಅಂದರೆ 200ರಿಂದ 250 ಜಿಎಸ್‌ಎಂ ಇರಬೇಕು. ಮಾಮೂಲಿ ಜೆರಾಕ್ಸ್ ಹಾಳೆಯ 80 ಜಿಎಸ್‌ಎಂ ಕಾಗದದಲ್ಲಿ ಹಿಂಬದಿಯ ಶಾಯಿ ಮುಂದಕ್ಕೆ ಕಾಣುತ್ತದೆ. ಮಗು ಕಾರ್ಡನ್ನು ಬೆಳಕಿಗೆ ಹಿಡಿದು ಉತ್ತರ ಓದುತ್ತದೆ, ನಾವು ನೆನಪು ಚೆನ್ನಾಗಿದೆ ಅಂದುಕೊಳ್ಳುತ್ತೇವೆ. ಸ್ಕೆಚ್ ಪೆನ್ ಬೇಡ, ದಪ್ಪ ಕಾಗದದಲ್ಲೂ ಸೋರುತ್ತದೆ. ಬಾಲ್ ಪೆನ್ ಅಥವಾ ಪೆನ್ಸಿಲ್ ಒಳ್ಳೆಯದು.

ಪೆಟ್ಟಿಗೆಯ ಒಳ ಅಗಲ 110 ಮಿಲಿಮೀಟರ್ ಆಸುಪಾಸು, ಗೋಡೆಯ ಎತ್ತರ 50ರಿಂದ 55 ಮಿಲಿಮೀಟರ್ ಇದ್ದರೆ ಕಾರ್ಡಿನ ಮೇಲ್ತುದಿ ಸುಮಾರು ಎರಡು ಸೆಂಟಿಮೀಟರ್ ಹೊರಗೆ ನಿಲ್ಲುತ್ತದೆ, ಬೆರಳಿಗೆ ಸಿಗುತ್ತದೆ. ಇದಕ್ಕಿಂತ ಆಳವಾದ ಪೆಟ್ಟಿಗೆಯಲ್ಲಿ ಮಕ್ಕಳು ಕಾರ್ಡು ತೆಗೆಯಲು ಮೂಲೆ ಹಿಡಿದು ಎಳೆಯುತ್ತಾರೆ, ಸ್ವಲ್ಪ ದಿನಕ್ಕೇ ಮೂಲೆಗಳು ಮುದುರುತ್ತವೆ. ಆಮೇಲೆ ಪದ ಓದದೆ ಮುದುರಿದ ಮೂಲೆ ನೋಡಿಯೇ ಉತ್ತರ ಹೇಳುವುದು ಶುರುವಾಗುತ್ತದೆ. ನಡುಗೋಡೆಗಳು ಅಂಟಿಸಿದವಾದರೆ ಬೇಗ ಕಿತ್ತುಬರುತ್ತವೆ. ಸೀಳುಗಳಲ್ಲಿ ಕೂರಿಸಿ ಜರುಗಿಸಬಹುದಾದ ತಡೆಗಳಿರುವ ಪೆಟ್ಟಿಗೆಯನ್ನೇ ನೋಡಿ. ಮುಚ್ಚಳ ಬೇಕೇ ಬೇಕು. ಒಮ್ಮೆ ಚೀಲದೊಳಗೆ ಚೆಲ್ಲಿದರೆ ಯಾವ ಕಾರ್ಡು ಯಾವ ಖಾನೆಯದು ಎಂಬುದು ಹೋಯಿತು. ಮುನ್ನೆಚ್ಚರಿಕೆಯಾಗಿ ಕಾರ್ಡಿನ ಹಿಂಬದಿಯ ಮೂಲೆಯಲ್ಲಿ ಖಾನೆ ದಾಟಿದಾಗಲೆಲ್ಲ ಪೆನ್ಸಿಲಿನಿಂದ ಒಂದು ಚುಕ್ಕೆ ಇಡಿಸಬಹುದು. ಇವೆಲ್ಲ ಹೊಂದಿದರೆ ರಟ್ಟಿನ ಪೆಟ್ಟಿಗೆಗೂ ಮರದ ಪೆಟ್ಟಿಗೆಗೂ ಕೆಲಸದಲ್ಲಿ ವ್ಯತ್ಯಾಸವಿಲ್ಲ. ಹಳೆಯ ಚಪ್ಪಲಿ ಡಬ್ಬಿಯಲ್ಲೂ ಮಾಡಿಕೊಳ್ಳಬಹುದು.

ಮಕ್ಕಳ ವಿಷಯದಲ್ಲಿ ಲೈಟ್ನರ್ ಅಳತೆ ಕೈಕೊಡುವುದು ಮೊದಲ ಖಾನೆಯಲ್ಲಿ. 0.3 ಮಿಲಿಮೀಟರ್ ದಪ್ಪದ ಕಾರ್ಡು ಒಂದು ಸೆಂಟಿಮೀಟರಿಗೆ 30ರಷ್ಟು ಹಿಡಿಯುತ್ತವೆ. ಮೂವತ್ತು ಗೊತ್ತಿಲ್ಲದ ಪದಗಳನ್ನು ಎದುರಿಟ್ಟರೆ ಮಗು ಪೆಟ್ಟಿಗೆಯನ್ನೇ ದೂರ ತಳ್ಳುತ್ತದೆ. ಮೊದಲ ಖಾನೆಯಲ್ಲಿ ಒಮ್ಮೆಗೆ 12 ಕಾರ್ಡಿಗಿಂತ ಹೆಚ್ಚು ಇರಬಾರದು ಎಂಬ ಮಿತಿ ಹಾಕಿ. ಹನ್ನೆರಡು ಆದ ಮೇಲೆ ಹೊಸ ಪದ ನಿಲ್ಲಿಸಿ, ಹಳೆಯದು ಮುಂದೆ ಸರಿಯಲಿ. ಜಾಗ ಉಳಿದರೆ ಒಂದು ರಟ್ಟಿನ ತುಂಡು ತುರುಕಿ.

ಪೆಟ್ಟಿಗೆಯ ಜೊತೆ ಅಚ್ಚಾದ ಕಾರ್ಡುಗಳನ್ನೂ ಸೇರಿಸಿ ಮಾರುವುದುಂಟು. ಅವನ್ನು ಕೊಳ್ಳಬೇಡಿ ಎನ್ನಲು ಮೂರು ಕಾರಣ. ಮೊದಲನೆಯದು, ಬಹುತೇಕ ಕಟ್ಟುಗಳಲ್ಲಿ ಇರುವುದು ಪ್ರಾಣಿ, ಬಣ್ಣ, ವಾಹನ, ದೇಹದ ಅಂಗಗಳು. ಆನೆ, ಕೆಂಪು, ಕಿವಿ ಎಂಬ ಮಾತುಗಳು ಶಾಲೆಗೆ ಬರುವ ಮುಂಚೆಯೇ ಮಗುವಿಗೆ ಗೊತ್ತು. ಅವನ್ನು ಓದಲು ಕಲಿಸುವುದು ಓದಿನ ಪಾಠ, ಪದಸಂಪತ್ತಿನ ಪಾಠವಲ್ಲ. ಹೊಸ ಭಾಷೆ ಕಲಿಯುವ ಮಗುವಿಗಾದರೆ ಮಾತು ಬೇರೆ. ಎರಡನೆಯದು, ಚಿತ್ರ ಮತ್ತು ಪದ ಒಂದೇ ಬದಿಯಲ್ಲಿ ಅಚ್ಚಾಗಿರುತ್ತವೆ. ಮಗು ಚಿತ್ರ ನೋಡಿ ಉತ್ತರ ಹೇಳುತ್ತದೆ, ಅಕ್ಷರದ ಮೇಲೆ ಕಣ್ಣೂ ಹಾಯುವುದಿಲ್ಲ.

ಮೂರನೆಯ ಕಾರಣ ಅಷ್ಟು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಕಟ್ಟುಗಳನ್ನು ಒಂದೇ ಗುಂಪಿನ ಪದಗಳಂತೆ ಜೋಡಿಸಿರುತ್ತಾರೆ. ಅರ್ಥದಲ್ಲಿ ಅಕ್ಕಪಕ್ಕ ಇರುವ ಹೊಸ ಪದಗಳನ್ನು ಒಟ್ಟಿಗೆ ಕಲಿತರೆ ಒಂದಕ್ಕೊಂದು ಅಡ್ಡಿಯಾಗುತ್ತವೆ ಎಂಬುದನ್ನು ಎರಡನೇ ಭಾಷೆಯ ಕಲಿಕೆಯಲ್ಲಿ ಥಾಮಸ್ ಟಿಂಕಮ್ 1993ರಲ್ಲಿ ತೋರಿಸಿದರು. ತರಗತಿಯಲ್ಲಿ ಇದರ ಅತಿ ಸಾಮಾನ್ಯ ರೂಪ ಅಕ್ಷಾಂಶ ಮತ್ತು ರೇಖಾಂಶ, ಆಮದು ಮತ್ತು ರಫ್ತು. ಎರಡನ್ನೂ ಒಂದೇ ದಿನ ಹೇಳಿಕೊಟ್ಟ ಮಗುವಿಗೆ ಇವು ಯಾವುದೋ ಜೋಡಿ ಎಂಬುದು ಚೆನ್ನಾಗಿ ನೆನಪಿರುತ್ತದೆ, ಯಾವುದು ಯಾವುದು ಎಂಬುದು ಮಾತ್ರ ಏಳನೇ ತರಗತಿಗೆ ಬಂದರೂ ಅದಲುಬದಲು. ಪೆಟ್ಟಿಗೆಯಲ್ಲಿ ಇದಕ್ಕೆ ಸರಳ ಪರಿಹಾರವಿದೆ: ಆಮದು ಮೂರನೇ ಖಾನೆ ತಲುಪುವವರೆಗೆ ರಫ್ತಿನ ಕಾರ್ಡು ಬರೆಯಬೇಡಿ.

ಹಾಗಾದರೆ ಯಾವ ಪದ ಬರೆಯಬೇಕು? ಶಿಕ್ಷಣ ಸಂಶೋಧಕಿ ಇಸಬೆಲ್ ಬೆಕ್ ಮತ್ತು ಸಂಗಡಿಗರು ಪದಗಳನ್ನು ಮೂರು ಸ್ತರವಾಗಿ ವಿಂಗಡಿಸಿದ್ದು ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ದಿನದ ಮಾತಿನಲ್ಲೇ ಬಂದುಬಿಡುವ ಪದಗಳು ಮೊದಲ ಸ್ತರ. ಒಂದೇ ವಿಷಯಕ್ಕೆ ಸೇರಿದ ಪಾರಿಭಾಷಿಕ ಪದಗಳು ಮೂರನೆಯದು. ನಡುವಿನವು, ಅಂದರೆ ಮಾತಿನಲ್ಲಿ ಅಪರೂಪವಾದರೂ ಪುಸ್ತಕದಲ್ಲಿ ಎಲ್ಲ ವಿಷಯಗಳಲ್ಲೂ ಎದುರಾಗುವ ಹಿಂಜರಿ, ಹೋಲಿಸು, ಕ್ರಮೇಣ, ಆಧರಿಸು, ಅಗಾಧ, ನಿರಾಕರಿಸು, ಪರಿಣಾಮ ಇಂಥವು ಎರಡನೇ ಸ್ತರ. ಪೆಟ್ಟಿಗೆಗೆ ಸೇರಬೇಕಾದವು ಮುಖ್ಯವಾಗಿ ಇವೇ. ಗಣಿತದಲ್ಲಿ ‘ಹೋಲಿಸಿರಿ’, ವಿಜ್ಞಾನದಲ್ಲಿ ‘ಪರಿಣಾಮವೇನು’ ಎಂಬ ಪ್ರಶ್ನೆಗೆ ಮಗು ತಡವರಿಸುವುದು ಎಷ್ಟೋ ಸಲ ವಿಷಯ ಗೊತ್ತಿಲ್ಲದೆ ಅಲ್ಲ, ಪ್ರಶ್ನೆಯ ಪದ ಗೊತ್ತಿಲ್ಲದೆ. ವಾರಕ್ಕೆ ಆರು ಪದ ಸಾಕು. ಹತ್ತು ಎಂದು ಹೊರಟರೆ ಮೂರನೇ ವಾರಕ್ಕೇ ಮೊದಲ ಖಾನೆ ಕಟ್ಟಿಕೊಳ್ಳುತ್ತದೆ.

ಕಾರ್ಡಿಗೆ ಮುಂಚಿನ ಪಾಠಕ್ಕೆ ಒಂದು ಪದಕ್ಕೆ ನಾಲ್ಕೈದು ನಿಮಿಷ ಕೊಡಿ. ‘ಹಿಂಜರಿ’ ಎಂಬುದನ್ನೇ ತೆಗೆದುಕೊಳ್ಳೋಣ. ಮೊದಲು ಕತೆಯಲ್ಲಿ ಅದು ಬಂದ ವಾಕ್ಯವನ್ನು ಗಟ್ಟಿಯಾಗಿ ಓದಿ, ಪದವನ್ನು ಎಲ್ಲರಿಂದ ಎರಡು ಸಲ ಹೇಳಿಸಿ. ಬಾಯಲ್ಲಿ ಹೊರಳದ ಪದ ತಲೆಯಲ್ಲಿ ನಿಲ್ಲುವುದಿಲ್ಲ. ಆಮೇಲೆ ಮಗುವಿಗೆ ಅರ್ಥವಾಗುವ ಮಾತಿನಲ್ಲಿ ವಿವರಣೆ: ‘ಒಬ್ಬರಿಗೆ ಏನೋ ಮಾಡಬೇಕು ಅನ್ನಿಸುತ್ತದೆ, ಆದರೆ ಮಾಡಲೋ ಬೇಡವೋ ಎಂದು ತಡೆದು ನಿಲ್ಲುತ್ತಾರೆ, ಅದು ಹಿಂಜರಿಯುವುದು.’ ನಿಘಂಟಿನಲ್ಲಿರುವ ‘ಹಿಂದೆಗೆ, ಸಂಕೋಚಪಡು’ ಇಲ್ಲಿ ಕೆಲಸಕ್ಕೆ ಬಾರದು, ಒಂದು ಗೊತ್ತಿಲ್ಲದ ಪದದ ಬದಲು ಎರಡು ಕೊಟ್ಟಂತಾಗುತ್ತದೆ. ಮೂರನೆಯದಾಗಿ, ಕತೆಗೆ ಸಂಬಂಧವಿಲ್ಲದ ಇನ್ನೊಂದು ಸಂದರ್ಭ. ಇದನ್ನು ಬಿಟ್ಟರೆ ಪದ ಆ ಕತೆಗೇ ಅಂಟಿಕೊಳ್ಳುತ್ತದೆ. ಕತೆಯಲ್ಲಿ ಹುಡುಗಿ ಹೊಳೆಯ ದಂಡೆಯಲ್ಲಿ ಹಿಂಜರಿದಿದ್ದರೆ ಹಿಂಜರಿಯುವುದೆಂದರೆ ನೀರಿಗೆ ಹೆದರುವುದು ಎಂದುಕೊಳ್ಳುತ್ತಾರೆ. ನಾಲ್ಕನೆಯದು ಹೌದು-ಅಲ್ಲ ಪ್ರಶ್ನೆಗಳು: ‘ಗಂಟೆ ಹೊಡೆದ ಕೂಡಲೇ ಆಟಕ್ಕೆ ಓಡಿದರೆ ಹಿಂಜರಿದಂತೆಯೇ? ಉತ್ತರ ಗೊತ್ತಿದ್ದೂ ಕೈ ಎತ್ತಲೋ ಬೇಡವೋ ಎಂದು ಕೂತರೆ?’ ಪ್ರತಿಯೊಂದಕ್ಕೂ ‘ಯಾಕೆ’ ಎಂದು ಕೇಳಿ. ‘ಯಾಕೆ’ಗೆ ಬರುವ ಉತ್ತರದಲ್ಲೇ ಅರ್ಥ ಕೂತಿದೆಯೋ ಇಲ್ಲವೋ ಗೊತ್ತಾಗುತ್ತದೆ. ಕೊನೆಗೆ ಮಕ್ಕಳೇ ‘ನಾನು ಹಿಂಜರಿದದ್ದು…’ ಎಂಬ ವಾಕ್ಯವನ್ನು ಪೂರ್ತಿ ಮಾಡಲಿ.

ಇಷ್ಟಾದ ಮೇಲೆ ಕಾರ್ಡು. ಮುಂಬದಿಯಲ್ಲಿ ಪದ ಮಾತ್ರ, ದೊಡ್ಡದಾಗಿ. ಹಿಂಬದಿಯಲ್ಲಿ ಮಗು ತಾನೇ ಬಿಡಿಸಿದ ಚಿತ್ರ, ಅದರ ಕೆಳಗೆ ತನ್ನ ಮಾತಿನ ಅರ್ಥ, ಒಂದು ವಾಕ್ಯ. ಚಿತ್ರದಲ್ಲಿ ಏನು ಎಡವುತ್ತದೆ ನೋಡಿ: ಹಿಂಜರಿಯುವುದಕ್ಕೆ ಮಕ್ಕಳು ಹೆದರಿದ ಮುಖ ಬರೆಯುತ್ತಾರೆ, ಒಂದು ತಿಂಗಳ ಮೇಲೆ ಆ ಕಾರ್ಡು ತಿರುಗಿಸಿದಾಗ ‘ಹೆದರಿಕೆ’ ಎಂದೇ ಓದುತ್ತಾರೆ. ಒಂದು ಕಾಲು ಮುಂದಿಟ್ಟು, ಮೈ ಹಿಂದಕ್ಕೆ ವಾಲಿದ ವ್ಯಕ್ತಿಯನ್ನು ಬರೆಸಿದರೆ ‘ಮಾಡಲೋ ಬೇಡವೋ’ ಎಂಬುದು ಚಿತ್ರದಲ್ಲೇ ಬರುತ್ತದೆ. ಚಿತ್ರಕ್ಕೆ ಮುಂಚೆ ‘ಇದನ್ನು ನೋಡಿದವರು ಬೇರೆ ಯಾವ ಪದ ಹೇಳಬಹುದು?’ ಎಂದು ಕೇಳುವ ಅಭ್ಯಾಸ ಇಟ್ಟುಕೊಳ್ಳಿ.

ಕಾರ್ಡಿನ ಕೆಳತುದಿಯಲ್ಲಿ ಪದದ ಎರಡು ರೂಪ ಬರೆಸಿ: ಹಿಂಜರಿದಳು, ಹಿಂಜರಿಯದೆ. ಕನ್ನಡದಲ್ಲಿ ಧಾತು ಹಾಗೆಯೇ ಪುಸ್ತಕದಲ್ಲಿ ಕಾಣುವುದು ಅಪರೂಪ, ಪ್ರತ್ಯಯ ಹೊತ್ತೇ ಬರುತ್ತದೆ. ಕಾರ್ಡಿನಲ್ಲಿ ‘ಹಿಂಜರಿ’ ಗೊತ್ತಿದ್ದ ಮಗು ಪಾಠದಲ್ಲಿ ‘ಹಿಂಜರಿಯದೆ’ ಕಂಡಾಗ ಗುರುತು ಹಿಡಿಯದೆ ದಾಟಿಹೋಗುತ್ತದೆ. ಅಚ್ಚಾದ ಕಾರ್ಡುಗಳಲ್ಲಿ ಈ ಜಾಗವೇ ಇರುವುದಿಲ್ಲ. ಹಾಗೆಯೇ ಒಂದು ಕಾರ್ಡಿಗೆ ಒಂದೇ ಅರ್ಥ. ಬಸ್ಸಿಗೆ ಕಾಯುವುದು, ಬಾಗಿಲು ಕಾಯುವುದು, ನೀರು ಕಾಯುವುದು ಮೂರು ಬೇರೆ ಕಾರ್ಡು. ಮುಂಬದಿಯಲ್ಲಿ ಬರಿಯ ‘ಕಾಯು’ ಬರೆಯದೆ ‘ನೀರು ಕಾಯು’ ಎಂದೇ ಬರೆಯಬೇಕು. ಮೂರನ್ನೂ ಒಂದೇ ಕಾರ್ಡಿಗೆ ತುಂಬಿದರೆ ಎರಡು ಅರ್ಥ ಹೇಳಿ ಒಂದು ಮರೆತ ಮಗುವಿಗೆ ಸರಿ ಎನ್ನಬೇಕೋ ತಪ್ಪು ಎನ್ನಬೇಕೋ ತೀರ್ಮಾನವಾಗುವುದಿಲ್ಲ.

ಮೂಲ ವಿಧಾನಕ್ಕೆ ನಾವು ಬಲವಾಗಿ ಸೂಚಿಸುವ ಬದಲಾವಣೆ ಒಂದಿದೆ. ಲೈಟ್ನರ್ ಪೆಟ್ಟಿಗೆಯಲ್ಲಿ ಐದೂ ಖಾನೆಗಳಿಗೆ ಪ್ರಶ್ನೆ ಒಂದೇ: ಅರ್ಥವೇನು? ಹೀಗೆ ಐದನೇ ಖಾನೆ ದಾಟಿದ ಮಗು ಅರ್ಥ ಒಪ್ಪಿಸುತ್ತದೆ, ಬರವಣಿಗೆಯಲ್ಲಿ ಆ ಪದ ಬಳಸುವುದಿಲ್ಲ. ಆದ್ದರಿಂದ ಪ್ರತಿ ಖಾನೆಗೆ ಬೇರೆ ಪ್ರಶ್ನೆ ಇಟ್ಟು, ಖಾನೆಯ ಮೇಲೆ ಚೀಟಿ ಅಂಟಿಸಿ. ಒಂದರಲ್ಲಿ ಪದ ನೋಡಿ ಅರ್ಥ ಹೇಳುವುದು. ಎರಡರಲ್ಲಿ ಚಿತ್ರ ನೋಡಿ, ಅರ್ಥ ಕೇಳಿ ಪದ ಹೇಳುವುದು. ಇದು ಮೊದಲನೆಯದಕ್ಕಿಂತ ಸ್ಪಷ್ಟವಾಗಿ ಕಷ್ಟ, ಹೆಚ್ಚಿನ ಕಾರ್ಡುಗಳು ಇಲ್ಲೇ ಎಡವುತ್ತವೆ. ಮೂರರಲ್ಲಿ ಕಾರ್ಡಿನಲ್ಲಿಲ್ಲದ ಹೊಸ ವಾಕ್ಯ. ನಾಲ್ಕರಲ್ಲಿ ಹತ್ತಿರದ ಇನ್ನೊಂದು ಪದ ಹೇಳಿ ಎರಡರ ವ್ಯತ್ಯಾಸ: ಹಿಂಜರಿಯುವುದಕ್ಕೂ ಹೆದರುವುದಕ್ಕೂ ಏನು ಅಂತರ? ಐದರ ಕಾರ್ಡು ಪೆಟ್ಟಿಗೆಯಿಂದ ಹೊರಬೀಳಬೇಕಾದರೆ ಆ ಪದ ಮಗುವಿನ ಸ್ವಂತ ಬರಹದಲ್ಲಿ ಒಮ್ಮೆ ಬಂದಿರಬೇಕು, ಪದಪಾಠಕ್ಕೆಂದು ಬರೆದ ವಾಕ್ಯ ಲೆಕ್ಕಕ್ಕಿಲ್ಲ.

ಖಾನೆ ತುಂಬುವವರೆಗೆ ಕಾಯುವುದು ಶಾಲೆಯ ಗಡಿಯಾರಕ್ಕೆ ಹೊಂದುವುದಿಲ್ಲ, ವಾರದ ದಿನಗಳಿಗೇ ಕಟ್ಟುವುದು ಮೇಲು. ಮೊದಲ ಖಾನೆ ದಿನಾ, ಎರಡನೆಯದು ಮಂಗಳವಾರ, ಗುರುವಾರ, ಮೂರನೆಯದು ಶುಕ್ರವಾರ, ನಾಲ್ಕನೆಯದು ಹದಿನೈದು ದಿನಕ್ಕೊಮ್ಮೆ, ಐದನೆಯದು ತಿಂಗಳ ಮೊದಲ ಸೋಮವಾರ. ದಿನಕ್ಕೆ ಎಂಟರಿಂದ ಹತ್ತು ನಿಮಿಷ, ಇಬ್ಬಿಬ್ಬರು ಜೊತೆಯಾಗಿ. ಒಬ್ಬರು ಕಾರ್ಡು ಹಿಡಿದು ಕೇಳಬೇಕು, ಇನ್ನೊಬ್ಬರು ಹೇಳಬೇಕು. ಒಂಟಿಯಾಗಿ ಬಿಟ್ಟರೆ ಮಗು ಕಾರ್ಡನ್ನು ಅರೆಕ್ಷಣದಲ್ಲಿ ತಿರುಗಿಸಿ ‘ಹೌದು, ಗೊತ್ತಿತ್ತು’ ಎನ್ನುತ್ತದೆ. ಸುಳ್ಳಲ್ಲ, ನೋಡಿದ ಕೂಡಲೇ ಪರಿಚಿತ ಅನ್ನಿಸುವುದನ್ನೇ ಗೊತ್ತಿದೆ ಎಂದು ಅದು ನಂಬುತ್ತದೆ. ಕೇಳುವವರು ಮನಸ್ಸಿನಲ್ಲಿ ಐದು ಎಣಿಸುವವರೆಗೆ ಕಾರ್ಡು ತಿರುಗಿಸಬಾರದು. ಖಾನೆಯ ಕಾರ್ಡುಗಳನ್ನು ಪ್ರತಿ ಸಲ ಕಲೆಸಿ. ಇಲ್ಲವಾದರೆ ಅನುಕ್ರಮವೇ ಬಾಯಿಪಾಠವಾಗುತ್ತದೆ.

ತಪ್ಪಾದ ಕಾರ್ಡು ನೇರ ಮೊದಲ ಖಾನೆಗೆ ಎಂಬ ಮೂಲ ನಿಯಮ ಚಿಕ್ಕ ಮಕ್ಕಳಿಗೆ ತೀರಾ ಕಠಿಣ. ನಾಲ್ಕನೇ ಖಾನೆಯವರೆಗೆ ಬಂದ ಪದ ಒಮ್ಮೆ ತಪ್ಪಿತೆಂದರೆ ಅರ್ಧ ಗೊತ್ತು ಎಂದೇ ಅರ್ಥ. ಒಂದು ಖಾನೆ ಹಿಂದಕ್ಕೆ ಸರಿಸಿದರೆ ಸಾಕು. ಅದೇ ಕಾರ್ಡು ಮೂರನೇ ಸಲ ತಪ್ಪಿದರೆ ಮಗುವನ್ನಲ್ಲ, ಕಾರ್ಡನ್ನು ಅನುಮಾನಿಸಿ. ಅರ್ಥ ಉದ್ದವಾಗಿದೆಯೇ, ಚಿತ್ರ ಬೇರೆ ಪದ ಹೇಳುತ್ತಿದೆಯೇ, ಪೆಟ್ಟಿಗೆಯಲ್ಲಿ ಅದನ್ನೇ ಹೋಲುವ ಇನ್ನೊಂದು ಪದವಿದೆಯೇ ಎಂದು ನೋಡಿ, ಹಳೆಯದನ್ನು ಹರಿದುಹಾಕಿ ಹೊಸದು ಬರೆಸಿ.

ಇದೇ ತತ್ವದ ತಂತ್ರಾಂಶ ಇರುವಾಗ ಪೆಟ್ಟಿಗೆ ಯಾಕೆ ಎಂದು ಹಲವರು ಕೇಳುತ್ತಾರೆ. ಡೇಮಿಯನ್ ಎಲ್ಮ್ಸ್ 2006ರಲ್ಲಿ ಹೊರತಂದ ಆಂಕಿ ದೊಡ್ಡವರಿಗೆ ಅತ್ಯುತ್ತಮ. ಪ್ರತಿ ಕಾರ್ಡಿನ ಅಂತರವನ್ನು ತಾನೇ ಲೆಕ್ಕಹಾಕುತ್ತದೆ, ಧ್ವನಿ ಸೇರಿಸಬಹುದು. ಉಚ್ಚಾರಣೆ ಮುಖ್ಯವಾದ ಎರಡನೇ ಭಾಷೆಗೆ ಇದು ಪೆಟ್ಟಿಗೆಯಲ್ಲಿಲ್ಲದ ಅನುಕೂಲ. ಆದರೆ ಅದರ ಸಹಜ ಸೆಟ್ಟಿಂಗ್ ದಿನಕ್ಕೆ 20 ಹೊಸ ಕಾರ್ಡು. ಮಕ್ಕಳಿಗೆ 2ಕ್ಕೆ ಇಳಿಸಲೇಬೇಕು. ಉತ್ತರ ಎಷ್ಟು ಸುಲಭವಾಗಿ ಬಂತು ಎಂಬುದನ್ನು ನಾಲ್ಕು ಗುಂಡಿಗಳಲ್ಲಿ ಒಂದನ್ನು ಒತ್ತಿ ತಾವೇ ಹೇಳಬೇಕು, ಎಂಟು ವರ್ಷದವರಿಂದ ಅದು ಆಗುವ ಮಾತಲ್ಲ. ಬೇಗ ಮುಗಿಸಲು ‘ಸುಲಭ’ ಒತ್ತುತ್ತಾರೆ, ಕಾರ್ಡು ದಿನಗಟ್ಟಲೆ ಮಾಯವಾಗುತ್ತದೆ. ಮೂರನೇ ಖಾನೆಯ ಹೊಸ ವಾಕ್ಯ, ನಾಲ್ಕನೆಯದರ ವ್ಯತ್ಯಾಸ ಇವನ್ನು ಕೇಳಲು ಎದುರಿಗೆ ಒಬ್ಬ ಮನುಷ್ಯ ಬೇಕು.

ಪೆಟ್ಟಿಗೆಗೂ ಮಿತಿಗಳಿವೆ. ಬಹುಭುಜ, ಆವಿಯಾಗುವಿಕೆ ಥರದ ಪರಿಕಲ್ಪನೆಗಳಿಗೆ ಎ7 ಕಾರ್ಡು ಸಾಲದು. ಅವಕ್ಕೆ 1969ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಫ್ರೇಯರ್ ಚೌಕವೇ ಸರಿ. ಹಾಳೆಯನ್ನು ನಾಲ್ಕು ಭಾಗ ಮಾಡಿ ವ್ಯಾಖ್ಯಾನ, ಲಕ್ಷಣ, ಉದಾಹರಣೆ, ಉದಾಹರಣೆಯಲ್ಲದ್ದು ಎಂದು ತುಂಬಿಸುವುದು. ಕೊನೆಯ ಭಾಗವೇ ಅದರ ಜೀವಾಳ: ವೃತ್ತ ಏಕೆ ಬಹುಭುಜವಲ್ಲ ಎಂದು ಹೇಳಬಲ್ಲ ಮಗುವಿಗೆ ಬಹುಭುಜ ಗೊತ್ತು. ಪದಗಳ ಬಳಗವನ್ನೂ ಪೆಟ್ಟಿಗೆ ತೋರಿಸುವುದಿಲ್ಲ. ನಂಬು-ನಂಬಿಕೆ, ಹೋಲು-ಹೋಲಿಕೆ, ಹೊಂದು-ಹೊಂದಿಕೆ ಬೇರೆ ಬೇರೆ ಖಾನೆಗಳಲ್ಲಿ ಚದುರಿರುತ್ತವೆ. ಇಂಥವಕ್ಕೆ ಗೋಡೆಯ ಪದಪಟ್ಟಿ ಒಳ್ಳೆಯದು, ವಾರಕ್ಕೊಮ್ಮೆ ಅದರಿಂದ ಏನಾದರೂ ಕೇಳಿದರೆ ಮಾತ್ರ.

ಒಂದು ಮತ್ತು ಎರಡನೇ ತರಗತಿಗೆ ಒಬ್ಬೊಬ್ಬರಿಗೆ ಪೆಟ್ಟಿಗೆ ಕೊಡಬೇಡಿ, ಬರೆಯುವುದರಲ್ಲೇ ಶಕ್ತಿಯೆಲ್ಲ ಹೋಗುತ್ತದೆ. ಇಡೀ ತರಗತಿಗೆ ಒಂದೇ ಪೆಟ್ಟಿಗೆ, ಎ5 ಅಳತೆಯ ಕಾರ್ಡು, ಬರೆಯುವುದು ಶಿಕ್ಷಕರು, ಚಿತ್ರ ಮಕ್ಕಳದು. ಮೂರನೆಯಿಂದ ಸ್ವಂತ ಪೆಟ್ಟಿಗೆ. ವಾರಕ್ಕೆ ಆರರಂತೆ 30 ವಾರಕ್ಕೆ 180 ಕಾರ್ಡು, ಅಂದರೆ ಮಗುವಿಗೆ 23 ಎ4 ಹಾಳೆ. ಎಲ್ಲ ಕಾರ್ಡುಗಳನ್ನೂ ಒತ್ತಾಗಿ ಜೋಡಿಸಿದರೆ ಐದೂವರೆ ಸೆಂಟಿಮೀಟರ್ ಅಷ್ಟೇ. ಕೈಬರಹದ ಕಾರ್ಡು ಸ್ವಲ್ಪ ಉಬ್ಬುವುದನ್ನು ಲೆಕ್ಕಕ್ಕೆ ಹಿಡಿದರೂ 30 ಸೆಂಟಿಮೀಟರಿನ ಪೆಟ್ಟಿಗೆಯ ಅಗತ್ಯವಿಲ್ಲ, 15 ಧಾರಾಳ.

ದೀರ್ಘ ರಜೆಯ ನಂತರ ಹೆಚ್ಚಿನವರು ಪೆಟ್ಟಿಗೆಯನ್ನು ಕೈಬಿಡುತ್ತಾರೆ. ಮೂರು, ನಾಲ್ಕು, ಐದನೇ ಖಾನೆಗಳು ಒಟ್ಟಿಗೆ ಬಾಕಿಯಾಗಿರುತ್ತವೆ, ಒಂದೇ ದಿನ ಎಲ್ಲವನ್ನೂ ಕೇಳಿದರೆ ತಪ್ಪುಗಳ ರಾಶಿ ಬೀಳುತ್ತದೆ. ಮೊದಲ ವಾರ ಹೊಸ ಪದ ಬೇಡ. ಮೊದಲ ಖಾನೆಯಿಂದಲೇ ಶುರುಮಾಡಿ, ಮುಂದಿನ ಖಾನೆಗಳಿಂದ ದಿನಕ್ಕೆ ಎಂಟು ಕಾರ್ಡು ಮಾತ್ರ ತೆಗೆಯಿರಿ. ತಪ್ಪಿದವು ಆ ವಾರ ಇದ್ದ ಖಾನೆಯಲ್ಲೇ ಉಳಿಯಲಿ, ಎರಡನೇ ಸಲ ಕೇಳಿದಾಗಲೂ ಬಾರದಿದ್ದರೆ ಆಗ ಹಿಂದಕ್ಕೆ ಸರಿಸಿ.